ಸುಶೀಲಾ ಆಂಟಿಯ ಗ್ಯಾಲರಿ ಪ್ರದಕ್ಷಿಣೆ

ಸುಶೀಲಾ ಆಂಟಿಗೆ ಎಪ್ಪತ್ತೆರಡು. ಮೇರಿಲ್ಯಾಂಡಿನ ಆಸ್ಪತ್ರೆಯೊಂದರಲ್ಲಿ ಮೂವತ್ತೆಂಟು ವರ್ಷ ಪೆಥಾಲಜಿಸ್ಟ್ ಆಗಿದ್ದವರು. ರಿಟೈರ್ ಆದಮೇಲೆ ದೇವಸ್ಥಾನದ ಕಮಿಟಿಗೆ ಸೇರಿ ಎಂದು ನಾವೆಲ್ಲ ದುಂಬಾಲು ಬಿದ್ದರೆ, ಅವರು ವಾಷಿಂಗ್ಟನ್ನಿನ ಒಂದು ಕಲಾ ಸಂಗ್ರಹಾಲಯದಲ್ಲಿ ಗೈಡ್ ಆಗಲು ಅರ್ಜಿ ಹಾಕಿದರು. ಸಂಬಳವಿಲ್ಲದ ಕೆಲಸಕ್ಕೆ ಎರಡು ವರ್ಷದ ತರಬೇತಿ, ಮೇಲೊಂದು ಪರೀಕ್ಷೆ! ಕಳೆದ ವರ್ಷ ಫೇಲಾದರು. ಲ್ಯಾಬ್ ರಿಪೋರ್ಟ್ ಓದಿದ ಹಾಗಿತ್ತು ಎಂದರಂತೆ ಪರೀಕ್ಷಕರು. ಇದು ಕೊನೆಯ ಅವಕಾಶ.

"ಈ ಸಲ ಹೋದ್ರೆ ಮುಗೀತು ಕಣೋ. ಇನ್ನು ಮನೇಲಿ ಗೋಡೆ ಜೊತೆ ಮಾತಾಡ್ಬೇಕು" ಎಂದರು, ಪರೀಕ್ಷೆಗೆ ಹೊರಟ ಕಾರಿನಲ್ಲಿ. ನನಗೆ ಪಾಪ ಅನ್ನಿಸಿತು.

ಪರೀಕ್ಷೆಯೆಂದರೆ ಪ್ರೇಕ್ಷಕರಿಗೆ ಗ್ಯಾಲರಿ ಸುತ್ತಿಸಿ ಚಿತ್ರಗಳನ್ನು ವಿವರಿಸುವುದು. ಪ್ರೇಕ್ಷಕರು ನಾವೇ: ನಾನು, ನನ್ನ ಹೆಂಡತಿ ಶ್ರಾವಣಿ, ಮತ್ತು ಊಟದ ಆಸೆಗೆ ಬಂದಿದ್ದ ಗೆಳೆಯ ಕಲ್ಮೇಶ್. ಪರೀಕ್ಷಕಿ ಲಿಂಡಾ ಪ್ಯಾಡ್ ಹಿಡಿದು ಹಿಂದೆ ನಿಂತಳು. ವಿಷಯ, ಶಾಲೆಯಲ್ಲಿ ಪುನರುಜ್ಜೀವನ ಎಂದು ನಾವು ಉರುಹೊಡೆದದ್ದೇ: ಮಧ್ಯಯುಗದ ಚಿನ್ನದ ಹಿನ್ನೆಲೆಯ ಚಿತ್ರಗಳಿಂದ ಹೊರಟು, ಇಟಲಿಯವರು ಆಳ, ನೆರಳು, ಮೈಯೊಳಗಿನ ಮೂಳೆ ಬಿಡಿಸಲು ಕಲಿತದ್ದು.

ದುಂಡನೆಯ ಹಜಾರ, ನಡುವೆ ಕಂಚಿನ ಪ್ರತಿಮೆ, ಸುತ್ತ ಕೋಣೆಗಳು. ಬಲಕ್ಕೆ ಹೊರಟರೆ ಕಾಲಾನುಕ್ರಮ. ಆಂಟಿ ಗಾಬರಿಯಲ್ಲಿ ಎಡಕ್ಕೆ ತಿರುಗಿ, ಪ್ರತಿಮೆಯನ್ನು ಬಲಕ್ಕೆ ಇಟ್ಟುಕೊಂಡು ನಡೆದೇಬಿಟ್ಟರು. ನಮ್ಮಲ್ಲೂ ಒಬ್ಬರಿಗಾದರೂ ಅನುಮಾನ ಬಂತೇ? ಹುಟ್ಟಿದಾಗಿನಿಂದ ಗರ್ಭಗುಡಿ ಸುತ್ತಿದ ಕಾಲುಗಳು, ಸುಮ್ಮನೆ ಹಿಂಬಾಲಿಸಿದವು.

ಎದುರಿಗೆ ಬಂದದ್ದು ಕಟ್ಟಕಡೆಯ ಕೋಣೆ. ಆಂಟಿಯ ಮುಖ ಬಿಳಿಚಿತು. ಲಿಂಡಾ ಏನೋ ಗೀಚಿಕೊಂಡಳು. ಆಂಟಿ ಬರೆದುಕೊಂಡು ಬಂದಿದ್ದ ಕಾಗದ ಮಡಚಿ ಪರ್ಸಿಗೆ ಹಾಕಿದರು.

"ಈ ಚಿತ್ರದ ದಾರಿ ನೋಡಿ, ಬೆಟ್ಟದವರೆಗೂ ಹೋಗುತ್ತದೆ. ಪಕ್ಕದ ಕೋಣೆಯ ಚಿತ್ರಕಾರರಿಗೆ ಇದು ಇಷ್ಟು ಚೆನ್ನಾಗಿ ಬರುತ್ತಿರಲಿಲ್ಲ, ಬನ್ನಿ" ಎಂದರು ಇಂಗ್ಲಿಷಿನಲ್ಲಿ. ಕೋಣೆ ಕೋಣೆಗೂ ಒಂದೊಂದು ಕಳಚುತ್ತ ಹೋಯಿತು. ದೂರದ ಬೆಟ್ಟ ಹೋಯಿತು, ನೆರಳು ಹೋಯಿತು, ಬಟ್ಟೆಯೊಳಗಿನ ಮೊಣಕಾಲೂ ಹೋಯಿತು. ಕೊನೆಗೆ ಉಳಿದದ್ದು ಚಿನ್ನದಲ್ಲಿ ತೇಲುವ ಸಂತರು.

ಕಲ್ಮೇಶ್ ಫೋನು ಜೇಬಿಗಿಟ್ಟ. "ಆಂಟಿ, ಇವ್ರಿಗೆ ನಿಲ್ಲೋಕೆ ನೆಲಾನೇ ಇಲ್ವಲ್ಲ. ನೆಲ ಇದ್ದಿದ್ದು ಯಾವ ರೂಮಲ್ಲಿ? ನಾನು ಮಿಸ್ ಮಾಡ್ದೆ" ಎಂದವನೇ ಬಂದ ದಾರಿಯಲ್ಲಿ ದಾಪುಗಾಲು ಹಾಕಿದ.

ಏನಂದ ಎಂದು ಲಿಂಡಾ ಕೇಳಿದಳು. ಶ್ರಾವಣಿ ಹೇಳಿದಳು.

"ನೀವು ತಪ್ಪು ದಿಕ್ಕಿನಲ್ಲಿ ಬಂದಿರಿ" ಎಂದಳು ಲಿಂಡಾ.

"ಹೌದು, ನನ್ನದೇ ತಪ್ಪು" ಎಂದರು ಆಂಟಿ, ತಲೆ ತಗ್ಗಿಸದೆ.

ಲಿಂಡಾ ಪ್ಯಾಡ್ ಮುಚ್ಚಿದಳು. "ಹಾಗಾದರೆ ಇನ್ನರ್ಧ ಬಾಕಿ ಇದೆ. ಅವರಿಗೆ ನೆಲ ತೋರಿಸಿ. ನಾನೂ ನೋಡಬೇಕು."

ಆಂಟಿ ಓಡಿದರು. ಎಪ್ಪತ್ತೆರಡರ ಮೊಣಕಾಲುಗಳಲ್ಲಿ, ಕಾವಲುಗಾರ ಕೈಯೆತ್ತಿ ತಡೆಯುತ್ತಿದ್ದರೂ, ನಿಜವಾಗಿಯೂ ಓಡಿದರು.