ಟರ್ಬೊ ಮೇಷ್ಟ್ರ ಅಳಿಯನ ಕಾರು

ನನ್ನ ಬಿಡಿಭಾಗಗಳ ಅಂಗಡಿಯ ಎದುರಿಗೇ ಅವರ ಶೆಡ್ಡು. ಹೆಸರು ಹಿಡಿದು ಅವರನ್ನು ಯಾರೂ ಕರೆಯುವುದಿಲ್ಲ. ಎಲ್ಲರ ಬಾಯಲ್ಲೂ ಟರ್ಬೊ ಮೇಷ್ಟ್ರು. ಪಾಠ ಹೇಳದೆ ಒಂದು ಗಾಡಿಯನ್ನೂ ಹಿಂದಕ್ಕೆ ಕೊಟ್ಟವರಲ್ಲ, ಅದಕ್ಕೆ ಸಿಕ್ಕ ಬಿರುದು. ಎಂಜಿನ್ನು ಉಗುಳುವ ಬಿಸಿ ಹೊಗೆಯಿಂದಲೇ ಗಿರ್ರನೆ ತಿರುಗಿ, ಅದೇ ಎಂಜಿನ್ನಿಗೆ ಗಾಳಿ ತುಂಬುವ ಪುಟ್ಟ ಯಂತ್ರಕ್ಕೆ ಟರ್ಬೊ ಎನ್ನುತ್ತಾರೆ. ಅದನ್ನು ಬಿಚ್ಚಿ ಜೋಡಿಸುವುದು ಬಿಟ್ಟು ಬೇರೆ ಕೆಲಸವನ್ನು ಮೇಷ್ಟ್ರು ಮುಟ್ಟುವುದಿಲ್ಲ.

ಪಾಠವೂ ಒಂದೇ.

"ಡೀಸೆಲ್ ಗಾಡೀಲಿ ಹೊಗೆಯ ಬಿಸಿ ಏಳುನೂರು ಡಿಗ್ರಿ ಮುಟ್ಟುತ್ತೆ ಸ್ವಾಮಿ. ಏರು ಹತ್ತಿಸ್ಕೊಂಡು ಬಂದ್ರೆ ಟರ್ಬೊ ಮೈಯೆಲ್ಲಾ ಕೆಂಡ. ಆಯಿಲ್ ಹರೀತಿರೋವರೆಗೂ ಪಾಪ ತಡ್ಕೊಳ್ಳುತ್ತೆ. ನೀವು ಟಕ್ ಅಂತ ಕೀ ತಿರುಗಿಸಿಬಿಟ್ರೆ ಆಯಿಲ್ ನಿಂತಲ್ಲೇ ಸುಟ್ಟು ಕರಿ ಕಟ್ಟುತ್ತೆ. ಎರಡು ನಿಮಿಷ ಎಂಜಿನ್ ಸುಮ್ನೆ ಓಡ್ಲಿ, ಆಮೇಲೆ ಇಳೀರಿ. ಏನ್ ಗಂಟು ಹೋಗುತ್ತೆ?"

ಕೇಳಿದವರು ತಲೆಯಾಡಿಸುತ್ತಾರೆ. ಸ್ವಲ್ಪ ಕಾಲದ ಮೇಲೆ ಅದೇ ತಲೆ ತಗ್ಗಿಸಿಕೊಂಡು ಮತ್ತೆ ಬರುತ್ತಾರೆ. ಎಲ್ಲರೂ ಅವರ ಮಾತು ಕೇಳಿದ್ದರೆ ಶೆಡ್ಡೂ ಮುಚ್ಚುತ್ತಿತ್ತು, ನನ್ನ ವ್ಯಾಪಾರವೂ ಮಲಗುತ್ತಿತ್ತು. ಹಾಗಾಗಿ ಜನರ ಅವಸರದ ಬಗ್ಗೆ ನನಗೆ ಮೊದಲಿನಿಂದಲೂ ಗೌರವ.

ಕಂಡಕಂಡವರಿಗೆಲ್ಲ ಇದನ್ನು ಹೇಳುವ ಮೇಷ್ಟ್ರು ಒಬ್ಬನಿಗೆ ಮಾತ್ರ ಹೇಳಲಾರರು, ಅವರ ಅಳಿಯನಿಗೆ. ಅವನು ಟ್ಯಾಕ್ಸಿ ಓಡಿಸುತ್ತಾನೆ. ಮಗಳ ಸಂಸಾರ ನಿಂತಿರುವುದು ಆ ಒಂದೇ ಕಾರಿನ ಮೇಲೆ. ಮದುವೆಯಾದ ಹೊಸದರಲ್ಲಿ ಮೇಷ್ಟ್ರು ಗಿರಾಕಿಗಳ ಎದುರಿಗೆ, "ಟೈರಿನ ಗಾಳಿನೂ ನೋಡ್ಕೊಳ್ಳಲ್ವಾ ನೀವು?" ಎಂದುಬಿಟ್ಟಿದ್ದರು. ಅಳಿಯ ನಗುತ್ತಲೇ ಹೋದ. ಹೋದವನು ಎಷ್ಟೋ ತಿಂಗಳು ಈ ಕಡೆ ತಲೆ ಹಾಕಲಿಲ್ಲ, ಮಗಳನ್ನೂ ಕಳಿಸಲಿಲ್ಲ. ರಾಜಿ ಮಾಡಿಸುವಷ್ಟರಲ್ಲಿ ಮೇಷ್ಟ್ರ ಹೆಂಡತಿ ಸೋತು ಸುಣ್ಣವಾಗಿದ್ದರು. "ಅಳಿಯಂದ್ರ ಗಾಡಿ ವಿಷ್ಯಕ್ಕೆ ಇನ್ನೊಂದ್ಸಲ ಬಾಯಿ ಹಾಕಿದ್ರೆ ನೋಡಿ," ಎಂದು ಆಕೆ ಕಟ್ಟಪ್ಪಣೆ ಮಾಡಿದ ಮೇಲೆ ಮೇಷ್ಟ್ರ ಬಾಯಿಗೆ ಬೀಗ.

ಮನೆ ಇರುವುದು ಶೆಡ್ಡಿನ ಪಕ್ಕದಲ್ಲೇ, ದಿಬ್ಬದ ನೆತ್ತಿಯಲ್ಲಿ. ಹಾಗಾಗಿ ಭಾನುವಾರದ ನಾಟಕ ನನ್ನ ಗಲ್ಲಾದಿಂದಲೇ ಕಾಣುತ್ತದೆ. ಕಾರು ಉಬ್ಬಸ ಬಂದವರಂತೆ ಏದುಸಿರು ಬಿಡುತ್ತ ಕಡಿದಾದ ಬೀದಿಯನ್ನು ಏರಿ ಬರುತ್ತದೆ. ಮೇಷ್ಟ್ರು ಗೇಟಿನಲ್ಲಿ ನಿಂತಿರುತ್ತಾರೆ. ಮಾವ ನಿಂತಿರುವಾಗ ತಾನು ಸೀಟಿನಲ್ಲಿ ಕೂತಿರುವುದುಂಟೇ? ಅಳಿಯ ಟಕ್ಕನೆ ಕೀ ತಿರುಗಿಸಿ ನೆಗೆದೇ ಬಿಡುತ್ತಾನೆ.

"ಏನ್ ಮಾವ, ಆರಾಮಾ?"

"ಆರಾಮು," ಎನ್ನುತ್ತಾರೆ ಮೇಷ್ಟ್ರು, ಕಾರಿನ ಎಂಜಿನ್ ಮುಚ್ಚಳವನ್ನೇ ನೋಡುತ್ತ.

ಅವನು ಮರ್ಯಾದಸ್ಥ, ಅದೇ ತೊಂದರೆ. ಒರಟನಾಗಿದ್ದರೆ ಟರ್ಬೊ ಉಳಿಯುತ್ತಿತ್ತು.

ಒಮ್ಮೆ ಮೇಷ್ಟ್ರು ಉಪಾಯ ಹೂಡಿದರು. ತಾವು ಗೇಟಿಗೆ ಹೋಗದಿದ್ದರೆ ಅವನಿಗೂ ಅವಸರ ಇರುವುದಿಲ್ಲವೆಂದು ಒಳಗೇ ಕೂತರು. ಸಂಜೆ ಮಗಳು ಮುಖ ಊದಿಸಿಕೊಂಡಳು: "ಇವ್ರು ಬಂದ್ರೆ ಬಾಗಿಲಿಗೂ ಬರಲ್ಲ, ಏನಪ್ಪ ನೀನು!" ಮುಂದಿನ ಭಾನುವಾರ ಮತ್ತೆ ಗೇಟು. ಮಗಳ ಕೈಲಿ ಹೇಳಿಸಿಯೂ ನೋಡಿದರು. ಅವಳು ಹೇಳಿದಳು, ಅವನು ನಕ್ಕ. "ನಿಮ್ಮಪ್ಪ ಡಾಕ್ಟ್ರು ಇದ್ದಂಗೆ ಕಣೇ. ಚೆನ್ನಾಗಿರೋರಲ್ಲೂ ಕಾಯಿಲೆ ಕಾಣುತ್ತೆ."

ಕೊನೆಗೊಂದು ದಿನ ಕಾರು ಲಾರಿಯ ಹಿಂದೆ ಹಗ್ಗ ಕಟ್ಟಿಸಿಕೊಂಡು ಬಂತು. ಟರ್ಬೊ ಬಿಚ್ಚಿದರೆ ಆಯಿಲಿನ ದಾರಿಯಲ್ಲಿ ಬಾಣಲೆಯ ತಳ ಸೀದಂತೆ ಕರಿ, ಒಳಗೆ ತಿರುಗುವ ಶಾಫ್ಟು ಎರಡು ತುಂಡು. ಅಳಿಯ ಬಾಡಿದ ಮುಖದಲ್ಲಿ ನಿಂತಿದ್ದ.

"ಯಾಕ್ ಮಾವ ಹಿಂಗಾಯ್ತು?"

ಇಷ್ಟು ದಿನ ನುಂಗಿಕೊಂಡದ್ದನ್ನು ಹೇಳಲು ಇದಕ್ಕಿಂತ ಒಳ್ಳೆ ಹೊತ್ತು ಇರಲಿಲ್ಲ. ನಾನೂ ಗಲ್ಲಾ ಬಿಟ್ಟು ಬಾಗಿಲಿಗೆ ಬಂದೆ. ಮೇಷ್ಟ್ರು ಬಾಯಿ ತೆರೆದರು. ಮನೆಯೊಳಗಿಂದ ಅವರ ಹೆಂಡತಿ ಕೆಮ್ಮಿದರು.

"ಆಯಿಲ್ ಸರಿ ಇರ್ಲಿಲ್ಲ ಅನ್ಸುತ್ತೆ ಅಳಿಯಂದ್ರೆ," ಎಂದರು ಮೇಷ್ಟ್ರು.

ಆ ಆಯಿಲ್ ಡಬ್ಬಿ ಕೊಟ್ಟವನು ನಾನು. ಅಳಿಯ ತಿರುಗಿ ನನ್ನನ್ನು ನೋಡಿದ ನೋಟಕ್ಕೂ ಏಳುನೂರು ಡಿಗ್ರಿ ಇತ್ತು. ಅಂದಿನಿಂದ ಅವನು ಆಯಿಲನ್ನು ಬೇರೆ ಕಡೆಯಿಂದ ತರುತ್ತಾನೆ.

ಅವತ್ತು ಮಧ್ಯಾಹ್ನ ಮೇಷ್ಟ್ರು ಕಳ್ಳನಂತೆ ನನ್ನ ಅಂಗಡಿಗೆ ಬಂದರು. "ಸಾಹುಕಾರ್ರೆ, ಬೇಜಾರು ಮಾಡ್ಕೋಬೇಡಿ. ಆ ಟೈಮರ್ ಒಂದು ಕೊಡಿ."

ಅದೊಂದು ಬೆಂಕಿಪೊಟ್ಟಣದಷ್ಟು ಡಬ್ಬಿ. ಕೀ ತೆಗೆದ ಮೇಲೂ ಎಂಜಿನ್ನನ್ನು ಎರಡು ನಿಮಿಷ ಓಡಿಸಿ, ತಾನೇ ನಿಲ್ಲಿಸುತ್ತದೆ.

"ಹೇಳಿಯೇ ಹಾಕಬಾರ್ದಾ ಮೇಷ್ಟ್ರೆ?"

"ಹೇಳಿದ್ರೆ ಯಾಕೆ ಅಂತಾರೆ. ಏನಂತ ಹೇಳ್ಲಿ? ನಿಮಗೆ ಗಾಡಿ ನಿಲ್ಸೋಕೆ ಬರಲ್ಲ ಅಂತಲಾ?"

"ಎಂಜಿನ್ ನಿಲ್ದೇ ಇದ್ರೆ ಗೊತ್ತಾಗಲ್ವಾ ಅವ್ರಿಗೆ?"

"ಹೊಸ ಟರ್ಬೊ ಇರೋದೇ ಹಂಗೆ ಅಂದ್ಕೊಳ್ಲಿ ಬಿಡಿ."

ಹೊಸ ಟರ್ಬೊ ಕೂತಿತು, ಟೈಮರು ಡ್ಯಾಶ್‌ಬೋರ್ಡಿನ ಹಿಂದೆ ಅಡಗಿತು. ಕಾರು ದಿಬ್ಬ ಇಳಿದು ಹೋಗುವುದನ್ನು ನೋಡುತ್ತಿದ್ದ ಮೇಷ್ಟ್ರ ಮುಖದಲ್ಲಿ ಅಂದು ಕಂಡ ನೆಮ್ಮದಿಯನ್ನು ನಾನು ಅವರ ಮಗಳ ಮದುವೆಯ ದಿನವೂ ಕಂಡಿರಲಿಲ್ಲ.

ಮುಂದಿನ ಭಾನುವಾರ ಕಾರು ಏರಿ ಬಂತು. ಮೇಷ್ಟ್ರು ಗೇಟಿನಲ್ಲಿದ್ದರು, ನಾನು ಗಲ್ಲಾದಲ್ಲಿ. ಅಳಿಯ ಕೀ ತೆಗೆದ. ಎಂಜಿನ್ನು ಆ ಕ್ಷಣವೇ ನಿಂತುಹೋಯಿತು.

ಅಳಿಯ ಹೆಂಡತಿಯನ್ನು ಒಳಗೆ ಕಳಿಸಿ, ಮಾವನ ಹತ್ತಿರ ಬಂದು ದನಿ ತಗ್ಗಿಸಿದ. ಬೀದಿ ಅಷ್ಟೇನೂ ಅಗಲವಿಲ್ಲ, ನನಗೂ ಕೇಳಿಸಿತು.

"ಮಾವ, ತಪ್ಪು ತಿಳ್ಕೋಬೇಡಿ. ಕೀ ತೆಗೆದ್ರೂ ಎಂಜಿನ್ ನಿಲ್ತಿರ್ಲಿಲ್ಲ. ವೈರು ಎಲ್ಲೋ ತಪ್ಪಾಗಿ ಕೊಟ್ಬಿಟ್ಟಿದ್ರಿ ಅನ್ಸುತ್ತೆ. ಸ್ಟ್ಯಾಂಡ್ ಹತ್ರ ಎಲೆಕ್ಟ್ರಿಷಿಯನ್ ಕೈಲಿ ಆ ವೈರೆಲ್ಲ ಕಿತ್ತು ಹಾಕಿಸ್ದೆ. ನೀವು ಹಾಕಿದ್ದು ಅಂತ ಅವನಿಗೂ ಹೇಳಿಲ್ಲ, ಅತ್ತೆಗೂ ಹೇಳಿಲ್ಲ. ನಿಮ್ಮ ಹೆಸರು ಕೆಡಬಾರ್ದು ನೋಡಿ."

ಮೇಷ್ಟ್ರು ಒಮ್ಮೆ ನನ್ನ ಕಡೆ ನೋಡಿದರು. ನಾನು ಎಣಿಸಲು ಏನಾದರೂ ಇದೆಯೇ ಎಂದು ಗಲ್ಲಾದೊಳಗೆ ಹುಡುಕಿದೆ.

"ಒಳ್ಳೇ ಕೆಲ್ಸ ಮಾಡಿದ್ರಿ," ಎಂದರು ಮೇಷ್ಟ್ರು. "ವಯಸ್ಸಾಯ್ತು, ಕಣ್ಣು ಮಂಜು."

"ಅದಕ್ಕೇನು ಮಾವ, ಆಗುತ್ತೆ," ಎಂದು ಅಳಿಯ ಅವರ ಭುಜ ಸವರಿ ಒಳಗೆ ಹೋದ.

ಮೇಷ್ಟ್ರು ಅಲ್ಲೇ ನಿಂತರು. ಕಾರಿನ ಮುಚ್ಚಳದ ಮೇಲೆ ಅಂಗೈ ಇಟ್ಟು, ಚುರುಕ್ ಎಂದೊಡನೆ ಹಿಂದಕ್ಕೆ ಎಳೆದುಕೊಂಡರು. ಕೆಳಗೆ ಕಾದ ಲೋಹ ಟಿಕ್ ಟಿಕ್ ಎನ್ನುತ್ತಿತ್ತು.

"ಅಪ್ಪಾ, ಎರಡು ನಿಮಿಷದಿಂದ ಕರೀತಿದೀನಿ!" ಒಳಗಿಂದ ಮಗಳು ಕೂಗಿದಳು. "ಅಲ್ಲೇನ್ ಮಾಡ್ತಿದೀಯಾ?"

"ಏನಿಲ್ಲಮ್ಮ, ಬಂದೆ," ಎಂದರು ಮೇಷ್ಟ್ರು. ಆದರೆ ಟಿಕ್ ಟಿಕ್ ನಿಲ್ಲುವವರೆಗೂ ಕದಲಲಿಲ್ಲ.