ಸ್ಟೋರಿಗೋ, ಸ್ಟೋರಿನಿಂದಲೋ

ಹೊಸೂರಿನ ಒಂದು ಬಿಡಿಭಾಗಗಳ ಫ್ಯಾಕ್ಟರಿಯಲ್ಲಿ ನನಗೆ ಕ್ವಾಲಿಟಿ ವಿಭಾಗದ ಕೆಲಸ. ನಮ್ಮ ಮಾಲು ಕೊಳ್ಳುವವರು ಫ್ರಾನ್ಸಿನವರು. ಹಾಗಾಗಿ ಕಂಪನಿಯವರು ನಮ್ಮಲ್ಲಿ ಐದು ಮಂದಿಗೆ ಫ್ರೆಂಚ್ ಕಲಿಸಲು ಪುದುಚೇರಿಯ ಒಬ್ಬ ಟೀಚರನ್ನು ಕರೆಸಿದ್ದರು. ಗುಮ್ಮಳಾಪುರದ ಸರ್ಕಾರಿ ಶಾಲೆಯಲ್ಲಿ ಓದಿದ ನನಗೆ ಇಂಗ್ಲಿಷ್ ಆಡುವಾಗಲೇ ನಾಲಿಗೆ ತಡವರಿಸುತ್ತಿತ್ತು. ಫ್ರೆಂಚಿನಲ್ಲಿ ಮಾತ್ರ ಎಲ್ಲರೂ ನನ್ನಷ್ಟೇ ದಡ್ಡರೆಂದು ಗೊತ್ತಾಗಿ ಹುರುಪು ಬಂತು.

ಮದುವೆಯಾದ ಮೇಲೆ ನಾನು ಕೆಲಮಂಗಲದಲ್ಲಿದ್ದೇನೆ. ಅಲ್ಲಿಂದ ಕಂಪನಿ ಬಸ್ಸಿನಲ್ಲಿ ನಮ್ಮ ಸ್ಟೋರ್ ನೋಡಿಕೊಳ್ಳುವ ಹಿರಿಯರೊಬ್ಬರು ಜೊತೆಗೆ ಬರುತ್ತಿದ್ದರು. ನಾನು ಅವರನ್ನು ಅಣ್ಣ ಎನ್ನುತ್ತಿದ್ದೆ. ದಿನಾ ಬಸ್ಸಿನಲ್ಲಿ ಅವರಿಗೆ ನನ್ನ ಹೊಸ ಪಾಠ ಒಪ್ಪಿಸುವುದು ರೂಢಿಯಾಯಿತು.

"ಊರಿಗಾದ್ರೆ 'ಆ ಹೊಸೂರ್' ಅನ್ಬೇಕಂತೆ ಅಣ್ಣ. ರಾಜ್ಯಕ್ಕೆ 'ಓ ತಮಿಳ್ನಾಡು'. ದೇಶಕ್ಕೆ 'ಆನ್ ಆಂದ್'. ಎಲ್ಲಾದಕ್ಕೂ ಅರ್ಥ 'ಅಲ್ಲಿ' ಅಂತಲೇ."

"ಇರೋದು ಒಂದೇ ಜಾಗ್ದಲ್ಲಿ, ಅದಕ್ಕೆ ಮೂರು ಮಾತಾ? ನಮ್ಗೆ ಒಂದು 'ಅಲ್ಲಿ' ಸಾಕು ಕಣವ್ವ," ಎಂದು ನಗುತ್ತಿದ್ದರು.

ನಮ್ಮಲ್ಲಿ 'ಗೆ', 'ಇಂದ' ಎಲ್ಲ ಹೆಸರಿನ ಬಾಲಕ್ಕೆ ಅಂಟಿಕೊಳ್ಳುತ್ತವೆ. ಫ್ರೆಂಚಿನಲ್ಲಿ ಅವು ಹೆಸರಿಗಿಂತ ಮೊದಲೇ ಬಂದು ನಿಲ್ಲುತ್ತವೆ. ಸಾಲದ್ದಕ್ಕೆ ಜಾಗ ಗಂಡೋ ಹೆಣ್ಣೋ ಎಂದು ನೋಡಿ ರೂಪ ಬದಲಿಸುತ್ತವೆ. 'ಅಲ್ಲಿ' ಎನ್ನುವ ಅದೇ 'ಓ' ಆ ಜಾಗಕ್ಕೆ ಎಂದೂ ಆಗುತ್ತದೆ, 'ದ್ಯು' ಎಂದರೆ ಆ ಜಾಗದಿಂದ. ಬರೆದರೆ ನನಗೆ ತಪ್ಪುತ್ತಿರಲಿಲ್ಲ, ಕೇಳುವಾಗ ಗೊಂದಲವಾಗುತ್ತಿತ್ತು. ಇದನ್ನು ಯಾರಿಗೂ ಹೇಳಿರಲಿಲ್ಲ.

ಒಂದು ದಿನ ಫ್ರಾನ್ಸಿನ ಇಂಜಿನಿಯರ್ ಫೋನಿನಲ್ಲಿ ಅವಸರವಾಗಿ ಏನೋ ಹೇಳುತ್ತಿದ್ದ. ಮ್ಯಾನೇಜರ್ ನನ್ನ ಕೈಗೆ ಫೋನ್ ಕೊಟ್ಟು ಎದುರೇ ನಿಂತರು. ಸ್ಟೋರು, ವರ್ಕ್‌ಶಾಪು ಎರಡು ಹೆಸರೂ ಕಿವಿಗೆ ಬಿದ್ದವು. ನಡುವಿನ ಪುಟ್ಟ ಮಾತು ಸರಿಯಾಗಿ ಹಿಡಿಯಲಿಲ್ಲ. ಇನ್ನೊಮ್ಮೆ ಹೇಳಿ ಎಂದು ಕೇಳಬಹುದಿತ್ತು. ಮ್ಯಾನೇಜರ್ ಮುಂದೆ ಕೇಳಲು ನಾಚಿಕೆಯಾಗಿ, ಹೌದು ಹೌದು ಎನ್ನಲು 'ವಿ, ವಿ' ಎಂದು ಫೋನ್ ಇಟ್ಟುಬಿಟ್ಟೆ.

ಸ್ಟೋರಿಗೆ ಹೋಗುವ ಮಾಲೆಂದರೆ ಲಾರಿಗೆ ಸಿದ್ಧ ಎಂದುಕೊಂಡು ಅಣ್ಣನ ಹತ್ತಿರ ಹೋಗಿ, "ವರ್ಕ್‌ಶಾಪಲ್ಲಿರೋ ಪೆಟ್ಟಿಗೆಗಳ್ನ ಸ್ಟೋರಿಗೆ ತರಿಸ್ಕೊಂಡು, ಎಲ್ಲಾನೂ ಲೋಡ್ ಮಾಡ್ಸಿ ಅಣ್ಣ," ಎಂದೆ. ಅವರು ಹಾಗೇ ಮಾಡಿದರು.

ಆತ ಹೇಳಿದ್ದು ಅದರ ತಿರುಗುಮುರುಗು. ಸ್ಟೋರಿನಿಂದ ಪೆಟ್ಟಿಗೆಗಳನ್ನು ವರ್ಕ್‌ಶಾಪಿಗೆ ಕಳಿಸಿ ಇನ್ನೊಮ್ಮೆ ತಪಾಸಣೆ ಮಾಡಬೇಕಿತ್ತು. ತಪಾಸಣೆಯಾಗದ ಮಾಲು ಲಾರಿ ಹತ್ತಿ ಹೋಯಿತು, ಫ್ರಾನ್ಸಿನಿಂದ ದೂರು ಬಂದಾಗಲೇ ನನಗೆ ಇದು ಗೊತ್ತಾಗಿದ್ದು.

ಬೆಳಗಿನ ಮೀಟಿಂಗಿನಲ್ಲಿ ಮ್ಯಾನೇಜರ್ ಎಲ್ಲರೆದುರು ಅಣ್ಣನನ್ನು ಕೇಳಿದರು. "ಯಾರ್ ಸೊನ್ನಾಂಗ? ಯಾರು ಹೇಳಿದ್ದು ನಿಮಗೆ?"

"ಈಯವ್ವನೇ ಹೇಳಿದ್ದು ಸಾರ್. ಅದ್ಕೇ ಕಳಿಸ್ದೆ."

ಎಲ್ಲರೂ ನನ್ನತ್ತ ತಿರುಗಿದರು. "ನಾನು ಸರಿಯಾಗೇ ಹೇಳಿದ್ದೆ ಸಾರ್. ಅಣ್ಣ ತಪ್ಪಾಗಿ ಕೇಳಿಸಿಕೊಂಡಿರಬೇಕು," ಎಂದೆ. ಒಂದು ಕ್ಷಣವೂ ಯೋಚಿಸಲಿಲ್ಲ. ಮಾತು ಸಲೀಸಾಗಿ ಹೊರಬಂತು. ಅಣ್ಣ ನನ್ನನ್ನೇ ನೋಡಿದರು. ಅಂದೇ ಅವರನ್ನು ಸ್ಟೋರಿನಿಂದ ತೆಗೆದು ಪ್ಯಾಕಿಂಗ್ ಶೆಡ್ಡಿಗೆ ಹಾಕಿದರು. ಬಸ್ಸಿನಲ್ಲಿ ಅವರು ಹಿಂದಿನ ಸೀಟಿಗೆ ಹೋದರು.

ಅದೇ ವಾರ ಟೀಚರ್ ನನ್ನ ಪರೀಕ್ಷೆಯ ಹಾಳೆ ಎತ್ತಿ ತೋರಿಸಿ, ಜಾಗಗಳ ಪಾಠದಲ್ಲಿ ಒಂದೂ ತಪ್ಪಿಲ್ಲ ಎಂದು ಹೊಗಳಿದರು. ತಲೆ ಎತ್ತಲಾಗಲಿಲ್ಲ.

ಮೂರು ತಿಂಗಳು ಹಾಗೇ ಕಳೆದವು. ಒಂದು ಸಂಜೆ ಕೆಲಮಂಗಲದಲ್ಲಿ ಬಸ್ಸಿಳಿದ ಮೇಲೆ ಅವರ ಹಿಂದೆಯೇ ನಡೆದು, ತಪ್ಪು ನನ್ನದೇ ಎಂದು ಹೇಳಿದೆ.

"ನನ್ಗ್ಯಾಕೆ ಹೇಳ್ತೀಯವ್ವ? ನಾನ್ ಕೇಳಿಸ್ಕಂಡಿದ್ದು ನನ್ಗೇ ಗೊತ್ತಿಲ್ವಾ? ಅಲ್ಲಿ ಎಲ್ರ ಮುಂದೆ ಹೇಳ್ದ್ಯಲ್ಲ, ಅಲ್ಲೋಗಿ ಹೇಳು," ಎಂದು ತರಕಾರಿ ಅಂಗಡಿಯತ್ತ ಹೊರಟುಹೋದರು.

ಮರುದಿನದ ಮೀಟಿಂಗಿನಲ್ಲಿ ಎದ್ದು ನಿಂತು ಹೇಳಿದೆ. ಮ್ಯಾನೇಜರ್ ಗಡಿಯಾರ ನೋಡಿ, "ಮುಗಿದುಹೋದ ವಿಷಯ, ಈಗ್ಯಾಕಮ್ಮ ಅದು?" ಎಂದರು. ನನಗೆ ಶಿಕ್ಷೆಯಾಗಲಿಲ್ಲ. ಅಣ್ಣನನ್ನು ಸ್ಟೋರಿಗೆ ವಾಪಸು ಕರೆಯಲೂ ಇಲ್ಲ.

ಮುಂದಿನ ವರ್ಷ ಅವರು ನಿವೃತ್ತರಾದರು. ಬೀಳ್ಕೊಡುಗೆಯ ದಿನ ಯಾರೋ ನನ್ನ ಕೈಗೆ ಶಾಲು ಕೊಟ್ಟು, ನಿಮ್ಮೂರವರಲ್ಲವೇ, ನೀವೇ ಹೊದಿಸಿ ಎಂದರು. ಅಣ್ಣ ಶಾಲಿಗೆ ತಲೆ ಬಾಗಿಸಿದರು. ಕೈ ಮುಗಿದರು. ನನ್ನ ಮುಖ ನೋಡಲಿಲ್ಲ.