ಪಟ್ಟಿ ಬಿಗಿಯುತ್ತಿದ್ದವನು

ಪಂಪು ರಿಪೇರಿ ಮಾಡುವವನಿಗೆ ಬೀದಿಯವರು ಇಟ್ಟ ಹೆಸರು ಮಿಲಿಟ್ರಿ. ಅಂಗಡಿಗೆ ಬಂದವರು ಅವನು ಮೋಟರು ಬಿಚ್ಚುವಷ್ಟು ಹೊತ್ತು ಸುಮ್ಮನೆ ಕೂರಬೇಕಲ್ಲ, ಯುದ್ಧದ ಕತೆ ಕೇಳುತ್ತಿದ್ದರು. ಅವನೂ ಹೇಳುತ್ತಿದ್ದ. ಬೆಟ್ಟಗಳಾಚೆ ಹುಲ್ಲುಕಡ್ಡಿಯೂ ಹುಟ್ಟದ ಎತ್ತರದಲ್ಲಿ ಅವನು ಹಿಂದೆ ಇದ್ದ ವಿಮಾನ ನೆಲೆ. ಅಲ್ಲಿ ಮೊಟ್ಟೆ ಒಡೆಯಲು ಸುತ್ತಿಗೆ ಬೇಕು. ಅಡುಗೆಯವನು ಹೆಪ್ಪುಗಟ್ಟಿದ ಹಾಲನ್ನು ಗರಗಸದಲ್ಲಿ ಕೊಯ್ದು ಟೀಗೆ ಹಾಕುತ್ತಿದ್ದ. ಜನ ಹೊಟ್ಟೆ ಹಿಡಿದು ನಗುತ್ತಿದ್ದರು.

ಅಂಗಡಿಯ ಹಿಂದಿನ ಕೋಣೆಯಲ್ಲಿ ಹೊಲಿಗೆ ಮಿಷನ್ನು ತುಳಿಯುವ ಹೆಂಡತಿಗೆ ಅವೆಲ್ಲ ಬಾಯಿಪಾಠ. "ಅದ್ಸರಿ, ನೀವು ಅಲ್ಲಿ ಮಾಡ್ತಿದ್ದದ್ದೇನು?" ಅಂದರೆ, "ವಿಮಾನ ಹತ್ತೋರಿಗೆ ಏಣಿ ಹಿಡೀತಿದ್ದೆ" ಅಂದು ಮಾತು ತೇಲಿಸಿಬಿಡುತ್ತಿದ್ದ.

ಅವಳ ಕಣ್ಣಿಗೆ ಬಿದ್ದಿದ್ದು ಬೇರೆ. ಗಂಡ ಕೂರಿಸಿದ ಬೋಲ್ಟು ಎಂದೂ ಅಲ್ಲಾಡಿದ್ದಿಲ್ಲ. ಆದರೆ ಮಗಳು ಶಾಲೆಗೆ ಹೋಗುವಾಗ ಅವಳ ಜಡೆಗೆ ಅವನು ಕಟ್ಟಿದ ರಿಬ್ಬನ್ನು ಬೀದಿ ತಿರುವು ಮುಟ್ಟುವುದರೊಳಗೆ ಬಿಚ್ಚಿಹೋಗುತ್ತಿತ್ತು. ಅವನ ಕೈಗಡಿಯಾರ ಬಳೆಯ ಹಾಗೆ ಮೇಲೂ ಕೆಳಗೂ ಜಾರುತ್ತಿತ್ತು. ಬೆಳಗ್ಗೆ ಹಾಸಿಗೆಯ ಅಂಚಿನಲ್ಲಿ ಕೂತವನ ಕೈಗಳು ಗಾಳಿಯಲ್ಲಿ ಏನನ್ನೋ ತಡಕುತ್ತಿದ್ದವು. "ಏನ್ರೀ ಹುಡುಕ್ತಿದೀರ?" ಅಂದರೆ, "ಕನ್ನಡಕ" ಅನ್ನುತ್ತಿದ್ದ. ಕನ್ನಡಕ ಮೂಗಿನ ಮೇಲೇ ಇರುತ್ತಿತ್ತು.

ಮಗಳು ಬೆಳೆದು ಕೆಲಸಕ್ಕೆ ಸೇರಿ ಒಂದು ಹಳೇ ಕಾರು ಕೊಂಡಳು. ಅದನ್ನು ಮನೆ ಮುಂದೆ ನಿಲ್ಲಿಸಿ ಅಮ್ಮನನ್ನು ಮುಂದಿನ ಸೀಟಿನಲ್ಲಿ ಕೂರಿಸಿದಳು. "ಅಪ್ಪಾ, ಅಮ್ಮಂಗೆ ಬೆಲ್ಟು ಹಾಕು. ಅವಳಿಗೆ ಬರಲ್ಲ."

ಅವನು ಬಾಗಿಲ ಹತ್ತಿರ ಬಂದು ಬಗ್ಗಿದ. ಪಟ್ಟಿ ಎಳೆದ, ಕೊಂಡಿ ಸಿಕ್ಕಿಸಿದ. ಆ ಕೈಗಳ ಚುರುಕು ನೋಡಿ ಹೆಂಡತಿಗೇ ಆಶ್ಚರ್ಯ. ಪಟ್ಟಿ ಎದೆಗೆ ಒತ್ತಿತು.

"ಸ್ವಲ್ಪ ಸಡಿಲ ಮಾಡ್ರೀ, ಉಸಿರಾಡಕ್ಕಾಗ್ತಿಲ್ಲ."

ಅವನ ಮುಖದಲ್ಲಿ ರಕ್ತವೇ ಉಳಿಯಲಿಲ್ಲ. ಕೊಂಡಿ ಬಿಡಿಸಲು ಹೋದ ಬೆರಳುಗಳು ಎರಡೆರಡು ಸಲ ಜಾರಿದವು. ಕೊನೆಗೆ ಮಗಳೇ ಬಿಡಿಸಿದಳು. ಅಷ್ಟರಲ್ಲಿ ಅವನು ಅಂಗಡಿಯೊಳಗೆ ಹೋಗಿ ಬಿಚ್ಚಿಟ್ಟ ಮೋಟರುಗಳ ನಡುವೆ ನೆಲದ ಮೇಲೆ ಕೂತಾಗಿತ್ತು.

ಹೆಂಡತಿ ಹೋಗಿ ಎದುರಿಗೆ ಕೂತಳು.

"ಏಣಿ ಹಿಡಿಯೋದು ಅರ್ಧ ಕೆಲಸ ಅಷ್ಟೇ" ಅಂದ ಅವನು. "ಪೈಲಟ್ಟನ್ನ ಸೀಟಿಗೆ ಕಟ್ಟೋನು ನಾನು. ದಪ್ಪ ಕೋಟು, ದಪ್ಪ ಕೈಗವಸು, ಅವರ ಕೈಲಿ ಆಗ್ತಿರ್ಲಿಲ್ಲ. ಒಬ್ಬ ಇದ್ದ ಕಣೆ. ನನಗಿಂತ ಚಿಕ್ಕೋನು. ಬಾಯಲ್ಲಿ ಯಾವಾಗ್ಲೂ ಪೆಪ್ಪರಮೆಂಟು. ಆವತ್ತು, ಸ್ವಲ್ಪ ಸಡಿಲ ಮಾಡಪ್ಪ, ಉಸಿರಾಡಕ್ಕಾಗ್ತಿಲ್ಲ ಅಂದ. ಬಿಗಿ ಇರ್ಲಿ ಸಾರ್, ವಾಪಸ್ ಬಂದ್ಮೇಲೆ ನಾನೇ ಸಡಿಲ ಮಾಡ್ತೀನಿ ಅಂದೆ. ನಕ್ಕ. ನಾನು ಏಣಿ ತೆಗೆದೆ."

"ಬರಲಿಲ್ವಾ?"

"ಇಲ್ಲ. ವಿಮಾನದ ಚೂರೂ ಸಿಗಲಿಲ್ಲ. ಅಲ್ಲೆಲ್ಲ ಬರೀ ಹಿಮ."

"ಬಿಗೀಲೇಬೇಕಲ್ರೀ. ನಿಮ್ಮ ತಪ್ಪೇನಿದೆ?"

"ತಪ್ಪಿಲ್ಲ ಅಂತ ನಂಗೂ ಗೊತ್ತು. ಆದ್ರೆ ಅವನು ಇನ್ನೂ ಹಾಗೇ ಕೂತಿದಾನೆ. ನಾನು ಹೋಗಿ ಬಿಚ್ಚೋವರೆಗೂ ಅವನು ಏಳೋ ಹಾಗಿಲ್ಲ."

ಆವತ್ತು ಕಾರು ಎಲ್ಲಿಗೂ ಹೋಗಲಿಲ್ಲ. ಆಮೇಲೆ ಬೆಲ್ಟು ಹಾಕುವುದನ್ನು ಹೆಂಡತಿ ತಾನೇ ಕಲಿತಳು. ಅವನು ಹಿಂದಿನ ಸೀಟಿನಲ್ಲಿ ಕಿಟಕಿಯಾಚೆ ನೋಡುತ್ತ ಕೂರುತ್ತಿದ್ದ. ಅಂಗಡಿಯಲ್ಲಿ ಮೊಟ್ಟೆ, ಸುತ್ತಿಗೆಯ ಕತೆ ಮೊದಲಿನ ಹಾಗೇ ನಡೆಯಿತು. ಈಗ ಆ ನಗು ಕೇಳಿದರೆ ಅವಳ ಮಿಷನ್ನು ನಿಲ್ಲುತ್ತಿತ್ತು. ಹೊಲಿಯುತ್ತಿದ್ದ ಬಿಳಿ ಬಟ್ಟೆಯಲ್ಲಿ, ಹಿಮದಲ್ಲೆಂಬಂತೆ, ಒಬ್ಬ ಹುಡುಗ ಕೂತಿರುತ್ತಿದ್ದ, ಕೆನ್ನೆ ಒಂದು ಕಡೆ ಉಬ್ಬಿಸಿಕೊಂಡು, ಯಾರೋ ಬರುವ ದಾರಿ ನೋಡುತ್ತ.

ಒಂದು ಮಧ್ಯಾಹ್ನ ಇಬ್ಬರೂ ಬಟಾಣಿ ಸುಲಿಯುತ್ತಿದ್ದಾಗ ತಡೆಯಲಾರದೆ ಕೇಳಿದಳು. "ಅವನ ಹೆಸರೇನ್ರೀ?"

ಅವನು ಕೈಲಿದ್ದ ಕಾಯನ್ನು ಸುಲಿದು ಮುಗಿಸಿದ.

"ಗೊತ್ತು. ಹೇಳಲ್ಲ. ಕರೆದ್ರೆ ಓಗೊಟ್ಟಾನು ಅಂತ ಭಯ."

ಬಿಸಿಲು ಹೊಸಿಲವರೆಗೂ ಬಂದಿತ್ತು. ಅವಳು ಎದ್ದು ಹೋಗಿ, ಯಾರೋ ಬಂದುಬಿಟ್ಟಾರು ಅನ್ನುವ ಹಾಗೆ, ಬೀದಿ ಬಾಗಿಲು ಮುಂದೆ ಮಾಡಿ ಬಂದಳು.